ತಾಸಿನ ದರ

ಗಂಗಾವತಿಯ ಆ ಓಣಿಯಲ್ಲಿ ಮಲ್ಲೇಶ್ವರಿಯನ್ನು ಜನ ಈಗಲೂ "ಪೈಲಟ್ ಸೊಸಿ" ಎಂದೇ ಗುರುತು ಹೇಳುತ್ತಾರೆ. ಹಾಗೆ ಹೇಳುವ ಹೊತ್ತಿಗೆ ಅವಳು ಹಿತ್ತಲಲ್ಲಿ ಬೋಗುಣಿ ತಿಕ್ಕುತ್ತಲೋ ಪಡಸಾಲೆಯಲ್ಲಿ ಬೇಳೆ ಆರಿಸುತ್ತಲೋ ಇರುತ್ತಾಳೆ.

ಅವಳು ಮಳೆಯನ್ನೇ ನಂಬಿದ ಕುಷ್ಟಗಿ ಸೀಮೆಯ ಮಗಳು. ನೌಕರಿಯಲ್ಲಿದ್ದಾಗಲೇ ತೀರಿಕೊಂಡ ತಂದೆಯ ಹೆಸರಿನಲ್ಲಿ ಸರ್ಕಾರದಿಂದ ಬಂದ ಹಣವನ್ನು ತಾಯಿ ಗವಿಸಿದ್ದವ್ವ ಮಗಳ ಮದುವೆಗೆ ಎತ್ತಿಡಲಿಲ್ಲ. ನೆಂಟರೆಲ್ಲ ಬೈದರೂ ಕೇಳದೆ ವಿಮಾನ ಕಲಿಸುವ ಶಾಲೆಗೆ ಕಟ್ಟಿದಳು. ಮಲ್ಲೇಶ್ವರಿ ಕಲಿತಳು, ಲೈಸೆನ್ಸ್ ಪಡೆದಳು. ಅದನ್ನು ಕೇಳಿಯೇ ಗಂಗಾವತಿಯ ಭತ್ತದ ದಲಾಲಿ ಈಶಪ್ಪ ತನ್ನ ಮಗ ಸಿದ್ದೇಶನಿಗೆ ಅವಳನ್ನು ತಂದುಕೊಂಡ. ಕಾಲುವೆ ಸೀಮೆಯಲ್ಲಿ ಅಂಥ ಸೊಸೆ ಯಾರ ಮನೆಗೂ ಬಂದಿರಲಿಲ್ಲ.

ಮದುವೆಯಾದ ವರ್ಷವೇ ಅವಳಿಗೆ ಎರಡು ಕಡೆಯಿಂದ ನೌಕರಿಯ ಕರೆ ಬಂತು. ಎರಡೂ ಚಿಕ್ಕ ಊರುಗಳ ನಡುವೆ ಚಿಕ್ಕ ವಿಮಾನ ಹಾರಿಸುವ ಕಂಪನಿಗಳು. ಒಂದು ಹುಬ್ಬಳ್ಳಿಯದು, ಅಲ್ಲಿಯೇ ಮನೆ ಮಾಡಿಕೊಂಡು ಇರಬೇಕು. ಹಾರಿದ ತಾಸಿಗೆ ಕೊಡುವುದು ಕಡಿಮೆ. ಆದರೆ ವಿಮಾನ ಹಾರಲಿ ಬಿಡಲಿ, ತಿಂಗಳಿಗೆ ಎಪ್ಪತ್ತು ತಾಸಿನ ಪಗಾರ ಖಾತ್ರಿ. ಇನ್ನೊಂದು ಹೊಸ ಕಂಪನಿ, ಹೊಸಪೇಟೆಯಾಚೆಯ ನಿಲ್ದಾಣದ್ದು. ಅಲ್ಲಿ ತಾಸಿಗೆ ಹೆಚ್ಚುಕಡಿಮೆ ಎರಡು ಪಟ್ಟು. ಹಾರಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಊಟ ಮುಗಿಸಿ ಈಶಪ್ಪ ಎರಡನ್ನೂ ತೂಗಿ ನೋಡಿದ. ಅವನು ಹುಟ್ಟಿದಾಗಿನಿಂದ ಕಂಡದ್ದು ಕಾಲುವೆ. ಎರಡನೆಯ ಬೆಳೆಗೆ ಒಮ್ಮೊಮ್ಮೆ ನೀರು ತಡವಾಗಿರಬಹುದು, ಆದರೆ ಭತ್ತ ಬಾರದ ವರ್ಷವಿಲ್ಲ. ಚೀಲ ಬಂದೇ ಬರುತ್ತವೆ, ನೋಡಬೇಕಾದದ್ದು ಚೀಲದ ದರವೊಂದೇ. ಹಾಗಾಗಿ ತಾಸಿನ ದರ ಯಾವುದು ದೊಡ್ಡದೋ ಅದೇ ದೊಡ್ಡ ನೌಕರಿ ಎಂದು ತೀರ್ಮಾನವಾಯಿತು. ಸಿದ್ದೇಶ ತಲೆಯಾಡಿಸಿದ. ಅತ್ತೆ ಪಾರ್ವತೆಮ್ಮ ತಟ್ಟೆ ಎತ್ತುತ್ತ, ದಿನಾ ಮನೆಯಿಂದಲೇ ಹೋಗಿಬರಬಹುದು, ಮುಂಜಾನೆಯ ರೊಟ್ಟಿಗೂ ತೊಂದರೆಯಿಲ್ಲ ಎಂದಳು. ಈ ಲೆಕ್ಕವನ್ನು ಅಲ್ಲಿಯವರೆಗೆ ಯಾರೂ ಬಾಯಿಬಿಟ್ಟು ಮಾಡಿರಲಿಲ್ಲ, ಆದರೆ ಎಲ್ಲರ ಮನಸ್ಸಿನಲ್ಲೂ ಇತ್ತು.

ಗವಿಸಿದ್ದವ್ವ ಅಂದು ಮಗಳನ್ನು ನೋಡಲು ಬಂದಿದ್ದಳು. ಬಾಗಿಲ ಮರೆಯಿಂದಲೇ ಕೇಳಿದಳು: "ಮಳಿ ಬರಲಿಲ್ಲಂದ್ರ ಹೆಂಗ್ರಿ ಬೀಗರ?"

ಈಶಪ್ಪ ನಕ್ಕ. "ನೀವು ಮಡ್ಡಿ ಸೀಮಿ ಮಂದಿ, ಬರೇ ಮುಗಿಲು ನೋಡ್ತೀರಿ. ವಿಮಾನಕ್ಕ ಎಂಥಾ ಮಳಿ ಬೇಕಬೇ?"

ಮಲ್ಲೇಶ್ವರಿಗೆ ತಾಯಿಯ ಮಾತು ಅರ್ಥವಾಗಿತ್ತು: ಹಾರಾಟವೇ ನಿಂತರೆ ಗತಿ ಏನು? ಹುಬ್ಬಳ್ಳಿಯೇ ಲೇಸು ಎಂದು ಹೇಳಿಯೂ ಹೇಳಿದಳು. ಗಂಡ ಇಲ್ಲಿ, ನೀನು ಅಲ್ಲಿ, ಜನ ಏನಂದಾರು ಎಂದರು. ಅಲ್ಲಿಗೆ ಮಾತು ಮುಗಿಯಿತು. ಹೊಸ ಕಂಪನಿಯವರು ಅವಳ ಮೂಲ ಪ್ರಮಾಣಪತ್ರಗಳನ್ನು ತಮ್ಮ ಬಳಿ ಇಟ್ಟುಕೊಂಡು, ಮೂರು ವರ್ಷ ಬಿಟ್ಟುಹೋಗುವಂತಿಲ್ಲ ಎಂದು ಸಹಿ ಮಾಡಿಸಿಕೊಂಡರು.

ಮೊದಲ ಕೆಲವು ತಿಂಗಳು ಹಾರಿದಳು. ಸಮವಸ್ತ್ರ ತೊಟ್ಟು ಹೊರಟರೆ ಓಣಿಯ ಹೆಂಗಸರು ಕಸಬರಿಗೆ ಹಿಡಿದೇ ನಿಂತು ನೋಡುತ್ತಿದ್ದರು. ಆಮೇಲೆ ಒಂದು ವಿಮಾನ ಬಿಡಿಭಾಗ ಸಿಗದೆ ನಿಂತಿತು, ಅದರ ಬೆನ್ನಿಗೆ ಮತ್ತೊಂದು. ಉಳಿದ ಒಂದಕ್ಕೆ ಹಳಬರೇ ಸಾಲುತ್ತಿದ್ದರು. ಅವಳಿಗೆ ಬಂದದ್ದು ಕಾಯುವ ಕೆಲಸ: ಕರೆ ಬಂದರೆ ಎರಡು ತಾಸಿನೊಳಗೆ ನಿಲ್ದಾಣದಲ್ಲಿರಬೇಕು, ಊರು ಬಿಟ್ಟು ಹೋಗುವಂತಿಲ್ಲ. ಕಾಯುವುದಕ್ಕೆ ದುಡ್ಡಿಲ್ಲ.

ಮನೆಯವರ ಕಣ್ಣಿಗೆ ಅದು ಖಾಲಿ ಕೂತಂತೆ ಕಂಡಿತು. ಪಾತ್ರೆ ತಿಕ್ಕಿ ಬಟ್ಟೆ ಒಗೆಯುತ್ತಿದ್ದ ದಾವಲಬೀಯನ್ನು ಆ ಯುಗಾದಿಗೆ ಬಿಡಿಸಿದರು. ಸೊಸೆ ಮನೆಯಲ್ಲೇ ಇರುವಾಗ ಆಳು ಯಾಕೆ ಎಂಬುದು ಪಾರ್ವತೆಮ್ಮನ ಮಾತು. ದಾವಲಬೀ ತನ್ನ ಪಾಲಿನ ಹಬ್ಬದ ಸೀರೆ ಇಸಿದುಕೊಂಡು ಹೋಗುವಾಗ ಮಲ್ಲೇಶ್ವರಿಯನ್ನು ಕಂಡು, "ನನ್ನ ನೌಕರಿ ನಿಮಗ ಆತೇನವ್ವ?" ಎಂದು ನಕ್ಕಳು. ಮಲ್ಲೇಶ್ವರಿಗೆ ನಗು ಬರಲಿಲ್ಲ. ಸೆರಗಿನಲ್ಲಿ ಫೋನು ಕಟ್ಟಿಕೊಂಡು ರೊಟ್ಟಿ ಬಡಿದಳು, ಸೆರಗಿನಲ್ಲಿ ಫೋನು ಕಟ್ಟಿಕೊಂಡು ಬಟ್ಟೆ ಒಗೆದಳು.

ಅವಳ ಹೆದರಿಕೆ ಪಗಾರದ್ದಾಗಿರಲಿಲ್ಲ. ಮೂರು ತಿಂಗಳೊಳಗೆ ಮೂರು ಸಲವಾದರೂ ವಿಮಾನ ಏರಿಸಿ ಇಳಿಸದಿದ್ದರೆ, ಮತ್ತೆ ಪರೀಕ್ಷೆ ಕೊಡದೆ ಆ ಕುರ್ಚಿಯಲ್ಲಿ ಕೂಡುವಂತಿಲ್ಲ. ಪರೀಕ್ಷೆಯ ಖರ್ಚು ಕೊಡುವುದಿಲ್ಲ ಎಂದು ಕಂಪನಿ ಮೊದಲೇ ಹೇಳಿತ್ತು. ಅವಳ ಗಡುವು ಮುಗಿಯುವುದಕ್ಕೆ ಎರಡೇ ದಿನ, ಲೆಕ್ಕ ತುಂಬಲು ಒಂದೇ ಹಾರಾಟ ಉಳಿದಿದ್ದಾಗ ಹುಣ್ಣಿಮೆ ಬಂತು, ಮನೆಮಂದಿಯೆಲ್ಲ ಹೊಳೆದಂಡೆಯ ಹುಲಿಗಿಗೆ, ದೇವಿಯ ದರ್ಶನಕ್ಕೆ ಹೊರಟರು. ಅಲ್ಲಿಂದ ನಿಲ್ದಾಣ ಮನೆಗಿಂತ ಹತ್ತಿರ. ಅವಳು ಸಮವಸ್ತ್ರವನ್ನು ಕಾರಿನಲ್ಲಿಟ್ಟುಕೊಂಡಳು.

ದೇವಿಯ ನೈವೇದ್ಯವನ್ನು ಆ ಮನೆಯ ಸೊಸೆಯೇ ಮಾಡಬೇಕು. ಹೊಳೆಯಲ್ಲಿ ಮುಳುಗಿ, ಒದ್ದೆ ಸೀರೆಯಲ್ಲೇ ಮೂರು ಕಲ್ಲಿನ ಒಲೆ ಹೂಡಿ, ಬೇರೇನನ್ನೂ ಮುಟ್ಟದೆ. ಮಲ್ಲೇಶ್ವರಿ ಫೋನನ್ನು ಗಂಡನ ಕೈಗೆ ಕೊಟ್ಟು, ಕರೆ ಬಂದರೆ ಓಡಿಬಂದು ಹೇಳಬೇಕು ಎಂದು ಎರಡು ಸಲ ಹೇಳಿದಳು.

ಹೋಳಿಗೆ ಬೇಯಿಸಿ, ಎಡೆ ಹಿಡಿದು, ನೆಂಟರಿಗೆಲ್ಲ ಬಡಿಸಿ, ಕಡೆಗೆ ತಾನು ಉಣ್ಣಲು ಕೂತಳು. ಸಿದ್ದೇಶ ಕೈ ತೊಳೆಯುತ್ತ ಹೇಳಿದ: "ಫೋನ್ ಬಂದಿತ್ತು. ಇವತ್ತ ಆಗಂಗಿಲ್ಲ ಅಂತ ಹೇಳೀನಿ."

ಅವಳ ಕೈ ತಟ್ಟೆಯಲ್ಲೇ ನಿಂತಿತು. "ಯಾವಾಗರಿ?"

"ಆಗಲೇ, ನೀ ಒಲಿ ಮುಂದ ಇದ್ದಾಗ. ಎರಡು ತಾಸಿನ ಹಾರಾಟಂತ. ಕಾರಿನ ಎಣ್ಣಿ ಕಳದ್ರ ಉಳಿಯೂದೆಷ್ಟು? ಅಷ್ಟಕ್ಕ ದೇವಿ ಕೆಲಸ ಅರ್ಧಕ್ಕ ಬಿಡೂದ?"

"ನನ್ನ ಗಡುವು ನಾಡಿದ್ದಿಗೆ ಮುಗೀತೈತ್ರಿ. ಹೇಳಿದ್ನಲ್ಲ."

"ಮತ್ತ ಕರೀತಾರ ಬಿಡು. ಲೈಸೆನ್ಸ್ ಏನ್ ಹಾಲಾ, ಒಡದು ಹೋಗಾಕ?"

ಸುತ್ತ ಕೂತವರು ನಕ್ಕರು. ಪಾರ್ವತೆಮ್ಮ, ಉಣ್ಣೋ ಹೊತ್ತಿನಲ್ಲಿ ಅಳಬಾರದು, ದೇವಿ ನೋಡುತ್ತಾಳೆ ಎಂದಳು. ಮಲ್ಲೇಶ್ವರಿ ಅತ್ತಿರಲಿಲ್ಲ. ಹೊಗೆಗೆ ಕಣ್ಣು ಕೆಂಪಾಗಿದ್ದವು, ಅಷ್ಟೇ. ಅವಳು ಎದ್ದು ಎಲ್ಲರ ಎಂಜಲು ತಟ್ಟೆ ಬಳಿದು, ಹೊಳೆಗಿಳಿದು ತೊಳೆದಳು. ಸಮವಸ್ತ್ರ ಮಡಿಕೆ ಮುರಿಯದೆ ಮನೆಗೆ ವಾಪಸಾಯಿತು.

ಮತ್ತೆ ಯಾರೂ ಕರೆಯಲಿಲ್ಲ. ಮುಂದಿನ ವರ್ಷ ಕಂಪನಿಗೆ ಬೀಗ ಬಿತ್ತು. ಪ್ರಮಾಣಪತ್ರಗಳು ಕೈಸೇರುವ ಹೊತ್ತಿಗೆ ಹುಬ್ಬಳ್ಳಿಯವರಿಗೆ ಅವಳು ಹಾರದೆ ಬಹಳ ದಿನವಾದವಳು, ಪರೀಕ್ಷೆ ಕೊಡದೆ ಅವರೂ ತೆಗೆದುಕೊಳ್ಳುವಂತಿರಲಿಲ್ಲ. ಪರೀಕ್ಷೆಗೆ ದುಡ್ಡು ಕೇಳಿದಾಗ ಈಶಪ್ಪ, ಮೊದಲು ಒಂದು ಕೂಸು ಆಗಲಿ ಎಂದ. ಕೂಸಾಯಿತು. ಆಮೇಲೆ ಇನ್ನೊಂದು.

ಈಶಪ್ಪನಿಗೆ ಮಾತ್ರ ಆ ದರ ಇವತ್ತಿಗೂ ಬಾಯಿಪಾಠ. ಹೋದ ತಿಂಗಳು ಯಲಬುರ್ಗಾದ ಕಡೆಯ ಒಬ್ಬ ರೈತ ತನ್ನ ಮಗಳು ಹೇಮಾಳನ್ನು ಕರೆದುಕೊಂಡು ಬಂದಿದ್ದ. ಹುಡುಗಿಗೆ ವಿಮಾನ ಕಲಿಯುವ ಆಸೆ, ಕಲಿತ ಮೇಲೆ ಯಾವ ಕಂಪನಿ ಛಲೋ ಎಂದು ಕೇಳಲು ಬಂದಿದ್ದರು. ಈಶಪ್ಪ ಗಾದಿಗೆ ಒರಗಿ ತಾಸಿನ ದರ ಹೇಳತೊಡಗಿದ. ಚಹಾ ಕೊಡಲು ಬಂದ ಮಲ್ಲೇಶ್ವರಿ ಹುಡುಗಿಯ ಮುಂದೆ ನಿಂತಳು.

"ದರ ಆಮ್ಯಾಲೆ ಕೇಳವ್ವ. ವಿಮಾನ ನಿಂತಾಗ ಏನ್ ಕೊಡ್ತೀರಿ ಅಂತ ಮೊದಲ ಕೇಳು. ಮತ್ತ ನಿನ್ನ ಫೋನ್ ಯಾರ ಕೈಯಾಗೂ..."

"ಮಲ್ಲೀ, ಹಾಲು ಉಕ್ಕಾಕತ್ತೈತಿ," ಪಾರ್ವತೆಮ್ಮ ಒಳಗಿನಿಂದ ಕರೆದಳು. ಅತ್ತೆ ಒಲೆಯ ಪಕ್ಕದಲ್ಲೇ ಕೂತಿದ್ದಳು.

ಮಲ್ಲೇಶ್ವರಿ ಹೋದಳು. ಒಲೆ ಆರಿಸಿ, ಚೆಲ್ಲಿದ್ದನ್ನು ಒರೆಸಿ, ಅರಿವೆ ಹಿಂಡಿ ಹೊರಗೆ ಬಂದಾಗ ಗಾದಿಯ ಮುಂದೆ ಖಾಲಿ ಕಪ್ಪುಗಳಷ್ಟೇ ಇದ್ದವು. ಹುಡುಗಿ ಭಾಳ ಚುರುಕು ಅದಾಳ, ದೊಡ್ಡ ದರದ ಕಡೆಗೇ ಹೋಗು ಅಂತ ಹೇಳಿ ಕಳಿಸಿದೆ ಎಂದು ಈಶಪ್ಪ ಹೇಳಿದ. ಅವಳು ಬಗ್ಗಿ ಕಪ್ಪುಗಳನ್ನು ಎತ್ತಿಕೊಂಡಳು.