ಪಂಡಿತರ ಹನ್ನೆರಡು ಚೀಟಿ

ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಕನ್ನಡ ಪಂಡಿತರಾಗಿದ್ದು ನಿವೃತ್ತರಾದ ಅನಂತಪದ್ಮನಾಭಯ್ಯನವರಿಗೆ ಲೋಕದಲ್ಲಿ ಒಬ್ಬರ ಮೇಲೆ ಮಾತ್ರ ಗೌರವವಿತ್ತು. ಆ ಒಬ್ಬರು ದಿನಾ ಬೆಳಿಗ್ಗೆ ಕನ್ನಡಿಯಲ್ಲಿ ಸಿಗುತ್ತಿದ್ದರು. ಜಯನಗರದಲ್ಲಿ ಸೈಟು ಸಿಕ್ಕಿ, ಮನೆ ಕಟ್ಟಿ, ಇನ್ನು ಯಾರನ್ನು ತಿದ್ದುವುದು ಎಂದು ಕೂತಿದ್ದಾಗ, ಐವತ್ತೆಂಟನೇ ಇಸವಿಯಲ್ಲಿ, ಕ್ರೈಸ್ತರ ಸುವಾರ್ತೆಗಳ ಅನುವಾದವನ್ನು ಪರಿಷ್ಕರಿಸುವ ಸಮಿತಿಯೊಂದು ಅವರನ್ನು ಕರೆಯಿತು. "ಅವರ ಕನ್ನಡ ನಾನಲ್ದೆ ಇನ್ಯಾರು ತಿದ್ಬೇಕು?" ಎಂದು ಹೆಂಡತಿ ಚೂಡಾಮಣಿಗೆ ಹೇಳಿ ಜರಿ ಪೇಟ ಸುತ್ತಿಕೊಂಡು ಹೊರಟರು.

ಸಮಿತಿ ಒಂದು ಗ್ರೀಕ್ ಕ್ರಿಯಾಪದದ ಮುಂದೆ ಬಂದು ಮೊಂಡೆತ್ತಿನ ಹಾಗೆ ಕೂತಿತ್ತು. ಸ್ಪ್ಲಾಂಖ್ನಿಜೊಮಾಯ್! ‘ಕನಿಕರಪಟ್ಟನು’ ಎಂದು ಒಬ್ಬರು, ‘ದಯೆಗೊಂಡನು’ ಎಂದು ಇನ್ನೊಬ್ಬರು. ಆ ಶಬ್ದ ಕರುಳಿನಿಂದ ಹುಟ್ಟಿದ್ದು, ಮೈಯೊಳಗೇ ಆಗುವ ಸಂಕಟ ಎಂದು ಪಾದ್ರಿಗಳು ವಿವರಿಸಿದಾಗ ಪಂಡಿತರು ಮೀಸೆಯಡಿ ನಕ್ಕರು. "ಇದಕ್ಕೆ ಇಷ್ಟು ಒದ್ದಾಟವೇ? ಕರುಳು ಚುರುಕ್ಕೆಂದಿತು ಅಂತ ಬರೀರಿ." ಎಲ್ಲರೂ ತಲೆದೂಗಿದರು. ಆ ಪದದ ಪ್ರಯೋಗಗಳ ಮೇಲೆ ಶನಿವಾರಕ್ಕೆ ಟಿಪ್ಪಣಿ ತರುವ ಕೆಲಸವೂ ಅವರಿಗೇ ಬಂತು.

ಆ ಮಂಗಳವಾರವೇ, ಮನೆಗೆ ಸೊಪ್ಪು ತರುತ್ತಿದ್ದ ಯಡಿಯೂರಿನ ಸೊಣ್ಣಮ್ಮ ಬುಟ್ಟಿ ಇಳಿಸಿ ಒಂದು ನೋಟೀಸು ಚಾಚಿದಳು. ಅವಳ ಗುಡಿಸಲಿನ ಮೇಲೆ ಹೊಸ ರಸ್ತೆ ಬರುತ್ತದಂತೆ. ಶನಿವಾರದೊಳಗೆ ತಕರಾರು ಅರ್ಜಿ ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ.

"ಅಯ್ನೋರೆ, ನಾಕು ಸಾಲು ಬರ್ಕೊಡಿ. ನೀವು ಬರೆದ್ರೆ ಆಫೀಸ್ನೋರು ಓದ್ತಾರೆ."

"ಅಯ್ಯೋ ಪಾಪ! ಆಗ್ಲಮ್ಮ, ನಾಳೆ ಬಾ."

ಬುಧವಾರ ಬಂದಳು, ನಾಳೆ. ಗುರುವಾರ ಬಂದಳು, ನಾಳೆ. ಪಂಡಿತರು ಚೀಟಿಗಳಲ್ಲಿ ಮುಳುಗಿದ್ದರು. ಸುವಾರ್ತೆಗಳಲ್ಲಿ ಆ ಪದ ಬರುವುದು ಹನ್ನೆರಡೇ ಸಲ. ಪ್ರತಿ ಸಲವೂ ಕರುಳು ಚುರುಕ್ಕೆಂದ ಮೇಲೆ ಏನಾದರೊಂದು ನಡೆಯುತ್ತಿತ್ತು. ಅದನ್ನು ಕಂಡುಹಿಡಿದವರು ತಾವೇ ಎಂಬ ಹಿಗ್ಗಿನಲ್ಲಿ ಪಂಡಿತರು ಚೀಟಿಚೀಟಿಗೂ ಕೆಂಪು ಶಾಯಿಯಲ್ಲಿ ‘ಆಮೇಲೆ’ ಎಂದು ತಲೆಬರಹ ಕೊಟ್ಟು ಬರೆದರು: ಕುಷ್ಠರೋಗಿಯನ್ನು ಮುಟ್ಟಿದನು. ಹಸಿದವರಿಗೆ ಉಣಿಸಿದನು. ಗಾಯ ಕಟ್ಟಿದನು. ಓಡಿಹೋಗಿ ಮಗನನ್ನು ಅಪ್ಪಿಕೊಂಡನು.

ಶುಕ್ರವಾರ ಸೊಣ್ಣಮ್ಮ ಬರಿಗೈಯಲ್ಲಿ ಹಿಂತಿರುಗಿದಾಗ ಚೂಡಾಮಣಿಗೆ ತಡೆಯಲಾಗಲಿಲ್ಲ. "ಆ ಮುದುಕಿಗೆ ನಾಕು ಸಾಲು ಗೀಚಿ ಕೊಡ್ಬಾರ್ದೇ?"

"ಗೀಚೋದಕ್ಕೆ ನಾನೇನು ಕೋರ್ಟಿನ ಮುಂದೆ ಕೂತು ಅರ್ಜಿ ಬರಿಯೋನೇನೆ?"

ಹೇಳೋದು ಪುರಾಣ, ತಿನ್ನೋದು ಬದನೆಕಾಯಿ ಎಂದು ಚೂಡಾಮಣಿ ಒಲೆಯ ಮುಂದೆ ಗೊಣಗಿದರು. ಅವರಿಗೆ ಅಕ್ಷರ ಬರುತ್ತಿದ್ದರೆ ಅರ್ಜಿ ಅಂದೇ ಆಗುತ್ತಿತ್ತು.

ಶನಿವಾರ ಸಮಿತಿಯವರು ಟಿಪ್ಪಣಿ ಕೇಳಿ ಚಪ್ಪಾಳೆ ತಟ್ಟಿದರು. ಪಾದ್ರಿಗಳ ಕಣ್ಣಲ್ಲಿ ನೀರೇ ಬಂತು. ಪಂಡಿತರು ಒಂದು ವಾರ ಅದೇ ಚಪ್ಪಾಳೆಯ ಮೇಲೆ ಬದುಕಿದರು.

ಮತ್ತೆ ಸೊಣ್ಣಮ್ಮ ಬಂದಾಗ ತಲೆಯ ಮೇಲೆ ಸೊಪ್ಪಿನ ಬುಟ್ಟಿ ಇರಲಿಲ್ಲ, ಪಾತ್ರೆಗಳ ಗಂಟಿತ್ತು. ಗುಡಿಸಲು ಕೆಡವಿದ್ದರು. ಸಾರಕ್ಕಿಯಲ್ಲಿ ತಂಗಿ ಇದ್ದಾಳೆ, ಅಲ್ಲಿಗೆ ಹೋಗ್ತೀನಿ, ಹೇಳಿ ಹೋಗೋಣ ಅಂತ ಬಂದೆ ಎಂದಳು.

ಪಂಡಿತರಿಗೆ ನಿಜವಾಗಿಯೂ ಏನೋ ಆಯಿತು. ಎದೆಯ ಮೇಲೆ ಕೈಯಿಟ್ಟು ಹೇಳಿದರು: "ಅವತ್ತು ನೀನು ನೋಟೀಸು ತೋರಿಸಿದಾಗ್ಲೇ ನನ್ನ ಕರುಳು ಚುರುಕ್ಕಂತು, ಸೊಣ್ಣಮ್ಮ."

ಸೊಣ್ಣಮ್ಮ ಅವರ ಮುಖವನ್ನೇ ನೋಡಿದಳು.

"ಆಮೇಲೆ?"

ಅಷ್ಟು ಕೇಳಿ ಸೊಣ್ಣಮ್ಮ, ಚೂಡಾಮಣಿ ಒಳಗಿಂದ ತಂದ ಎರಡು ಸೇರು ಅಕ್ಕಿಯನ್ನು ಸೆರಗಿಗೆ ಕಟ್ಟಿಕೊಂಡು ಸಾರಕ್ಕಿಯ ದಾರಿ ಹಿಡಿದಳು.