ಬಾತಿ ಕೆರೆ ಬರುವವರೆಗೆ

ನನಗೆ ಒಂದು ಕಡೆ ನಿಲ್ಲುವುದು ಬಾರದು. ಒಲೆಯ ಮೇಲೆ ಹಾಲಿಟ್ಟರೆ ಅದು ಕಾಯುವವರೆಗೆ ನಿಲ್ಲಲಾರದೆ ಹಿತ್ತಲಿಗೆ ಹೋಗಿ ಬಟ್ಟೆ ಒಣಹಾಕುತ್ತೇನೆ. ಬರುವಷ್ಟರಲ್ಲಿ ಹಾಲು ಕಟ್ಟೆಯ ಮೇಲೆಲ್ಲ ಹರಿದಿರುತ್ತದೆ. "ನಿನ್ನ ಕಾಲಿಗೆ ಯಾರು ಚಕ್ರ ಕಟ್ಟ್ಯಾರವ್ವ?" ಎಂದು ಅತ್ತೆ ಬಟ್ಟೆ ಹಿಡಿದು ಒರೆಸುತ್ತಾರೆ.

ಇಂಥ ನಾನು ಪಿಎಚ್‌ಡಿಗೆ ಆರಿಸಿಕೊಂಡದ್ದು ಕಾಯುವ ವಿಷಯ. ತರಗತಿಯಲ್ಲಿ ಮೇಷ್ಟರು ಪ್ರಶ್ನೆ ಕೇಳಿದ ಮೇಲೆ ಏನಾಗುತ್ತದೆ ಎಂದು ನೋಡಬೇಕಿತ್ತು. ಒಪ್ಪಿಗೆ ಪಡೆದು ಹರಿಹರ, ದಾವಣಗೆರೆಯ ಕಾಲೇಜುಗಳಲ್ಲಿ ಪಾಠಗಳನ್ನು ರೆಕಾರ್ಡ್ ಮಾಡಿಕೊಂಡೆ. ಕೇಳಿದರೆ ಆಗುತ್ತಿದ್ದದ್ದು ಇಷ್ಟೇ, ಪ್ರಶ್ನೆ ಕೇಳಿದವರೇ ಉತ್ತರವನ್ನೂ ಹೇಳುತ್ತಿದ್ದರು. "ಯಾಕೆ ಹೇಳ್ರಿ? ಯಾಕಂದ್ರೆ..." ಎರಡರ ನಡುವೆ ಉಸಿರಾಡಲೂ ಜಾಗವಿಲ್ಲ. ಮೂಗು ಮುರಿಯುತ್ತಾ ಬರೆದುಕೊಳ್ಳುತ್ತಿದ್ದವಳು ಒಂದು ದಿನ ನನ್ನದೇ ಪಾಠವನ್ನೂ ಕೇಳಿಸಿಕೊಂಡೆ. ಎಲ್ಲರಿಗಿಂತ ಅವಸರದವಳು ನಾನೇ ಆಗಿದ್ದೆ. ಸಿಟ್ಟು ಬಂದು ಇಯರ್‌ಫೋನ್ ಕಿತ್ತು ಮಂಚದ ಮೇಲೆ ಎಸೆದೆ.

ಅವತ್ತಿನಿಂದ ಒಂದು ಉಪಾಯ ಮಾಡಿಕೊಂಡೆ. ಪ್ರಶ್ನೆ ಕೇಳಿದ ಮೇಲೆ ಚಾಕ್‌ಪೀಸನ್ನು ಮುಷ್ಟಿಯಲ್ಲಿ ಹಿಡಿದು ಮನಸ್ಸಿನಲ್ಲೇ ನಮ್ಮೂರು ಹರಿಹರದಲ್ಲಿ ದಾವಣಗೆರೆಯ ಬಸ್ ಹತ್ತುತ್ತೇನೆ. ಮುಚ್ಚಿದ ಕಾರ್ಖಾನೆಯ ಗೇಟು, ಭತ್ತದ ಗದ್ದೆ, ಇಟ್ಟಿಗೆ ಭಟ್ಟಿ, ಆಮೇಲೆ ಬಾತಿ ಕೆರೆ. ಕೆರೆ ಕಾಣುವವರೆಗೆ ಬಾಯಿ ಬಿಡುವ ಹಾಗಿಲ್ಲ. ಕೆರೆ ಬರುವುದರೊಳಗೆ ಯಾವುದೋ ಹಿಂದಿನ ಬೆಂಚಿನಿಂದ ಒಂದು ದನಿ ಏಳುತ್ತದೆ. ಪಕ್ಕದವರು ಆ ತಡವರಿಸುವ ಬಾಯಿಗೆ ಮಾತು ತುರುಕಲು ಬಂದರೆ ಅಂಗೈ ಎತ್ತಿ ತಡೆಯುತ್ತೇನೆ. ಹುಡುಗರು ಇದನ್ನು "ಮೇಡಮ್ಮೋರ ಟ್ರಾಫಿಕ್ ಕೈ" ಎಂದು ಆಡಿಕೊಳ್ಳುತ್ತಾರೆ.

ದಾವಣಗೆರೆಯ ಒಂದು ಕಾಲೇಜಿನಲ್ಲಿ ನಾನು ಅತಿಥಿ ಉಪನ್ಯಾಸಕಿಯಾಗಿದ್ದೆ. ಪ್ರತಿ ವರ್ಷ ಹೊಸದಾಗಿ ಅರ್ಜಿ ಹಾಕಿ ಹೊಸದಾಗಿ ಆಯ್ಕೆಯಾಗುವ ಅತಿಥಿ. ಹೋದ ವರ್ಷ ಅದೇ ಹುದ್ದೆ ಖಾಯಂ ಆಯಿತು, ನಾನೂ ಅರ್ಜಿ ಹಾಕಿದೆ. ಸಿಕ್ಕರೆ ಬದುಕಿಗೊಂದು ನೆಲೆ. ಬೇರೆಯವರು ಬಂದರೆ ಇದ್ದ ಕ್ಲಾಸುಗಳೂ ಹೋಗುತ್ತಿದ್ದವು. ನನ್ನ ವಯಸ್ಸಿಗೆ ಇನ್ನೊಂದು ಅವಕಾಶ ಬರುವ ಹಾಗಿರಲಿಲ್ಲ.

ಸಂದರ್ಶನದ ದಿನ ಆಡಳಿತ ಮಂಡಳಿಯ ಕೋಣೆಯಲ್ಲಿ ಮೂವರು ಕೂತಿದ್ದರು. ನಮ್ಮ ಪ್ರಿನ್ಸಿಪಾಲರು, ವಿಶ್ವವಿದ್ಯಾಲಯದಿಂದ ಬಂದ ವಿಷಯ ತಜ್ಞರೊಬ್ಬರು, ನಡುವೆ ಸಂಸ್ಥೆಯ ಅಧ್ಯಕ್ಷರು. ಅಧ್ಯಕ್ಷರು ಬಟ್ಟೆ ವ್ಯಾಪಾರದ ಹಳೆಯ ಮನೆತನದವರು. ಹಣೆ ತುಂಬ ವಿಭೂತಿ, ಇಸ್ತ್ರಿ ಮುರಿಯದ ಬಿಳಿ ಅಂಗಿ. ಅವರು ಒಂದೊಂದೇ ಮಾತನ್ನು ತೂಗಿ ಆಡುವವರೆಂದು ಕಾಲೇಜಿನಲ್ಲಿ ಹೆಸರು. ಕಾಲೇಜಿನ ಸಮಾರಂಭಗಳಲ್ಲಿ ಅವರು ಮೈಕಿನ ಮುಂದೆ ಬಂದದ್ದನ್ನು ನಾನು ನೋಡಿರಲಿಲ್ಲ, ಕೈ ಮುಗಿದು ಕೂತುಬಿಡುತ್ತಿದ್ದರು. ದೊಡ್ಡವರ ಗಾಂಭೀರ್ಯ ಎಂದು ಎಲ್ಲರೂ ತಿಳಿದಿದ್ದೆವು.

"ಡೆಮೋ ಕ್ಲಾಸ್ ತಗೊಳ್ರಿ ಮೇಡಂ," ಎಂದರು ಪ್ರಿನ್ಸಿಪಾಲರು. "ನಾವೇ ನಿಮ್ಮ ವಿದ್ಯಾರ್ಥಿಗಳು ಅಂದ್ಕೊಳ್ರಿ."

ಎಲ್ಲ ಸಂದರ್ಶನಗಳಲ್ಲೂ ಹೀಗೇ ಹೇಳುತ್ತಾರೆ. ಬೇರೆ ಅಭ್ಯರ್ಥಿಗಳು ಅದನ್ನು ಕೇಳಿ, ಮುಗುಳ್ನಕ್ಕು, ಗೋಡೆಗೆ ಪಾಠ ಹೇಳಿ ಬಂದಿದ್ದರು. ನಾನು ಮಾತ್ರ ಆ ಮಾತನ್ನು ನಿಜವೆಂದು ನಂಬಿಬಿಟ್ಟೆ. ನನ್ನ ಹುಡುಗರಿಗೆ ಮೊದಲ ದಿನ ಕೇಳುವ ಪ್ರಶ್ನೆಯನ್ನೇ ಅವರಿಗೂ ಕೇಳಿದೆ: "ಉತ್ತರ ಗೊತ್ತಿದ್ದೂ ಹೇಳಲಾಗದೆ ಕೂತ ಒಂದು ದಿನ ನಿಮಗೆ ನೆನಪಿದೆಯಾ?"

ಕೇಳಿದ ಮೇಲೆ ಗೊತ್ತಾಯಿತು, ಇದನ್ನು ಇಲ್ಲಿ ಕೇಳಬಾರದಿತ್ತು. ಆದರೆ ಕೇಳಿಯಾಗಿತ್ತು. ಚಾಕ್‌ಪೀಸು ಮುಷ್ಟಿಯಲ್ಲಿತ್ತು, ಬಸ್ ಹರಿಹರ ಬಿಟ್ಟಿತ್ತು.

ತಜ್ಞರು ಪೆನ್ನಿನ ಕ್ಯಾಪು ತೆಗೆದರು, ಹಾಕಿದರು. ಪ್ರಿನ್ಸಿಪಾಲರು ಕಣ್ಣಲ್ಲೇ ಮುಂದುವರಿಸಿ ಎಂದರು. ಕೊನೆಗೆ ಬಾಯಿಬಿಟ್ಟು, "ಮುಂದೆ ಹೇಳ್ರಿ ಮೇಡಂ, ಟೈಮ್ ಆಗ್ತೈತೆ," ಎಂದರು. ನಾನೇ ಉತ್ತರ ಹೇಳಿ ಕೈತೊಳೆದುಕೊಳ್ಳಬಹುದಿತ್ತು. ಹಾಗೆ ಮಾಡಿದರೆ ಅಷ್ಟು ವರ್ಷ ಬರೆದದ್ದಕ್ಕೆ ನಾನೇ ಬೆಂಕಿ ಇಟ್ಟಂತೆ. ಹಟ ಬಂತು. ನಿಂತೆ. ಬಾತಿ ಕೆರೆ ಬಂತು, ಹೋಯಿತು. ಪ್ರಶ್ನೆ ಕೇಳಿ ಯಾವತ್ತೂ ಕೆರೆ ದಾಟುವವರೆಗೆ ಕಾದವಳಲ್ಲ ನಾನು.

"ನನಗೆ ನೆನಪೈತೆ," ಎಂದರು ಅಧ್ಯಕ್ಷರು.

ಅವರು ನನ್ನ ಕಡೆ ನೋಡುತ್ತಿರಲಿಲ್ಲ, ಮೇಜಿನ ಗಾಜನ್ನು ನೋಡುತ್ತಿದ್ದರು. "ಆನೆಕೊಂಡದ ಸ್ಕೂಲಾಗೆ ಓದ್ತಿದ್ದೆ. ಹರಿಹರದಾಗೆ ಹರಿಯೋ ಹೊಳಿ ಯಾವ್ದು ಅಂತ ಮೇಷ್ಟ್ರು ಕೇಳಿದ್ರು. ನನಗೆ ಗೊತ್ತಿತ್ತು. ಎದ್ದು ನಿಂತೆ. ತುಂ... ತುಂ..."

ಅಲ್ಲಿಗೆ ನಿಂತರು. ಅವರ ದವಡೆ ಅಲುಗುತ್ತಿತ್ತು, ಮಾತು ಬರುತ್ತಿರಲಿಲ್ಲ. ಮಾತು ತೂಗಿ ಆಡುವುದು ಎಂದು ನಾವು ಏನನ್ನು ಕರೆಯುತ್ತಿದ್ದೆವೋ ಅದು ಏನೆಂದು ಆಗ ತಿಳಿಯಿತು. ತಜ್ಞರು ಕಿಟಕಿಯ ಕಡೆ ತಿರುಗಿದರು. ಪ್ರಿನ್ಸಿಪಾಲರು ಮುಂದಕ್ಕೆ ಬಾಗಿ ಮೆಲ್ಲಗೆ, "ತುಂಗಭದ್ರಾ ಸರ್," ಎಂದರು.

ನನ್ನ ಕೈ ತಾನಾಗಿಯೇ ಮೇಲೆದ್ದಿತು. ಪ್ರಿನ್ಸಿಪಾಲರ ಮುಖದ ಮುಂದೆ ಅಂಗೈ ಚಾಚಿ ನಿಂತುಬಿಟ್ಟೆ, ನನ್ನ ಅನ್ನ ಅವರ ಕೈಯಲ್ಲಿರುವುದನ್ನೂ ಮರೆತು.

"ತುಂಗಭದ್ರಾ," ಎಂದರು ಅಧ್ಯಕ್ಷರು, ತಾವೇ. "ಅವತ್ತು ಹುಡುಗ್ರು ನಕ್ರು. ಮೇಷ್ಟ್ರು ಕೂಡ್ರು ಅಂದ್ರು. ಆಮೇಲೆ ನಾನು ಎದ್ದು ನಿಲ್ಲಲಿಲ್ಲ," ಎಂದರು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ಮತ್ತೆ ಹಾಕಿಕೊಂಡರು. "ಹೋಗಿ ಬರ್ರಿ ಮೇಡಂ."

ಆಮೇಲಿನ ದಿನಗಳಲ್ಲಿ ನಾನು ನಾನಾಗಿರಲಿಲ್ಲ. ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದೆ. ಸಂಜೆಯಾದರೆ ಹೊಳೆಯ ದಂಡೆಗೆ ಹೋಗಿ ಸೇತುವೆಯ ಮೇಲಿನ ಲಾರಿಗಳನ್ನು ನೋಡಿ ಬರುತ್ತಿದ್ದೆ. ಒಮ್ಮೆ ಕೆಲಸ ಸಿಕ್ಕೇಬಿಟ್ಟಿತು ಅನ್ನಿಸುತ್ತಿತ್ತು. ಮರುಗಳಿಗೆ ಆ ಎತ್ತಿದ ಕೈ ನೆನಪಾಗಿ ನಾಚಿಕೆಯಿಂದ ಕುಗ್ಗುತ್ತಿದ್ದೆ. "ಕೂತು ಉಣ್ಣವ್ವ, ನಿಂತು ಉಂಡ್ರೆ ಕೆಲ್ಸ ಜಲ್ದಿ ಬರತೈತಾ?" ಎಂದು ಅತ್ತೆ ಛೇಡಿಸಿದರು. ಅವರ ಮೇಲೂ ಸಿಡುಕಿದೆ. ಅಧ್ಯಕ್ಷರು ಕಾಲೇಜಿನ ಕಡೆ ಬರಲೇ ಇಲ್ಲ.

ಪ್ರಿನ್ಸಿಪಾಲರ ಫೋನು ಬಂದದ್ದು ಸಂಜೆ ನಾನು ಬಸ್ಸಿನಲ್ಲಿದ್ದಾಗ. ಇಡೀ ದಿನ ಅವರ ಕೋಣೆಯ ಮುಂದೆಯೇ ಓಡಾಡಿದ್ದೆ, ಒಳಗೆ ಕರೆದಿರಲಿಲ್ಲ. ಎದುರಿಗೆ ಹೇಳಲಾರದೆ ನಾನು ಊರು ಬಿಡುವುದನ್ನು ಕಾಯುತ್ತಿದ್ದರೆಂದು ಕಾಣುತ್ತದೆ.

"ಬೇಜಾರ್ ಮಾಡ್ಕೋಬ್ಯಾಡ್ರಿ ಮೇಡಂ. ಬೇರೆಯವ್ರದ್ದು ಆಗೈತೆ. ಆರ್ಡರ್ ಕೊಟ್ಟಾಯ್ತು."

ಕಿಟಕಿಯ ಸರಳನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಎದ್ದು ಓಡಾಡಲು ಜಾಗವಿರಲಿಲ್ಲ. "ಯಾಕೆ ಸರ್?" ಎಂದೆ.

ಕೇಳಿ ಕಾದೆ. ಫೋನು ಕಿವಿಯಲ್ಲೇ ಇತ್ತು.

"ನೀವು ಪಾಠ ಚಲೋ ಮಾಡ್ತೀರಿ, ಅದ್ರಾಗೆ ಎರಡು ಮಾತಿಲ್ಲ," ಎಂದರು ಆಮೇಲೆ. "ಆದ್ರೆ ಅವತ್ತು ಅಧ್ಯಕ್ಷರ್ದು ಹಂಗಾತಲ್ರಿ. ಅವ್ರ ಮುಂದೆ ನಿಮ್ಮ ಹೆಸರು ಹೆಂಗೆ ಎತ್ತೋದು? ದಿನಾ ನಿಮ್ಮ ಮುಖ ನೋಡ್ಬೇಕಲ್ಲ ಅವ್ರು."

"ಅವರೇ ಬೇಡ ಅಂದರಾ?"

"ಅನ್ಲಿಲ್ಲ. ನಾನೇ ಕೇಳ್ದೆ, ಈ ಮೇಡಂ ವಿಷಯ ಏನ್ ಮಾಡಾಣ ಸರ್ ಅಂತ. ಅವ್ರು ಏನೂ ಅನ್ಲಿಲ್ಲ. ಬ್ಯಾಡ ಅಂತ ನಾವು ತಿಳ್ಕೊಂಡು ಮುಂದಿನ ಹೆಸರಿಗೆ ಹೋದ್ವಿ."

ಗಾಜಿನ ಮೇಜು, ಅಲುಗುವ ದವಡೆ ಕಣ್ಣ ಮುಂದೆ ಬಂದವು. ಸಿಟ್ಟು ಬಂತು, ಅದರ ಹಿಂದೆಯೇ ಅಳು. ಪಕ್ಕದಲ್ಲಿ ಕೂತಿದ್ದ ಹೆಂಗಸು ಬುಟ್ಟಿ ಸರಿಸಿಕೊಂಡು ನನ್ನನ್ನೇ ನೋಡುತ್ತಿದ್ದಳು.

"ಕೇಳಿದ ಮೇಲೆ ಕಾದಿರಾ ಸರ್?" ಎಂದೆ.

ಬಾತಿ ಕೆರೆ ಬಂತು. ನೀರಿನ ಮೇಲೆ ಸಂಜೆ ಬಿಸಿಲಿತ್ತು. ಕೆರೆ ಹಿಂದಾಯಿತು, ಗದ್ದೆ ಬಂತು, ಕಾರ್ಖಾನೆಯ ಗೇಟು ಬಂತು. ಅವರು ಫೋನ್ ಇಡಲಿಲ್ಲ, ನಾನೂ ಇಡಲಿಲ್ಲ. ಹರಿಹರ ಸ್ಟ್ಯಾಂಡಿನಲ್ಲಿ ಎಲ್ಲರೂ ಇಳಿದರು. "ಇಳೀರಿ ಅಕ್ಕೋರೆ," ಎಂದ ಕಂಡಕ್ಟರ್.

"ಇಲ್ಲರಿ ಮೇಡಂ," ಎಂದರು ಪ್ರಿನ್ಸಿಪಾಲರು. "ಕಾಯ್ಲಿಲ್ಲ."