ತಾರಸಿ ಹಾಕಿದ ಬಳೆ

ಅಂಟುವಾಳವನ್ನು ಬಿಸಿನೀರಿನಲ್ಲಿ ನೆನೆಹಾಕಿದಾಗ ಬರುವ ವಾಸನೆಯನ್ನು ಯಾರೂ ಪರಿಮಳವೆನ್ನಲಾರರು. ನಾನು ಮಾತ್ರ ಎನ್ನುತ್ತೇನೆ. ಆ ಘಾಟು ಮೂಗಿಗೆ ಬಡಿಯಿತೆಂದರೆ ಮನೆಯಲ್ಲಿ ಮದುವೆಯಿದೆ, ಚಿನ್ನ ತೊಳೆಯುತ್ತಿದ್ದಾರೆ ಎಂದೇ ಅರ್ಥ. ಮೊನ್ನೆ ಶಕ್ತಿನಗರದ ನಮ್ಮ ಅಡುಗೆಕೋಣೆಯಲ್ಲಿ ಅಕ್ಕ ನೊರೆ ಎಬ್ಬಿಸುತ್ತಿದ್ದಳು. ಮದುಮಗಳು ಅವಳ ಮಗಳು ರಕ್ಷಿತಾ. ತೊಳೆಯುತ್ತಿದ್ದುದು ನಮ್ಮಮ್ಮ ಬಿಟ್ಟುಹೋದ ಒಂದು ಜೊತೆ ದಪ್ಪ ಬಳೆ.

ಮದುಮಗಳೋ, ಬಳೆಯ ಕಡೆ ನೋಡದೆ ಮೊಬೈಲಿನಲ್ಲಿ ಮುಳುಗಿದ್ದಳು. ಕೂಳೂರಿನಲ್ಲಿ ತನ್ನ ಹೆಸರಿಗೇ ಒಂದು ಫ್ಲ್ಯಾಟ್ ನೋಡಿದ್ದಾಳೆ. ಅಡ್ವಾನ್ಸಿಗೆ ಹಣ ಸಾಲದು. ಮೇಲಿಂದ ಓದಿನ ಸಾಲ, ಸ್ಕೂಟರಿನ ಸಾಲ. ‘ನೆಟ್ ವರ್ತ್’ ತಿಳಿಯದೆ ಹೆಜ್ಜೆ ಮುಂದಿಡುವುದಿಲ್ಲವಂತೆ. ಇದ್ದದ್ದನ್ನೆಲ್ಲ ಕೂಡಿಸಿ, ಕೊಡಬೇಕಾದದ್ದನ್ನೆಲ್ಲ ಕಳೆದರೆ ಉಳಿಯುವವಳೇ ಅಸಲಿ ರಕ್ಷಿತಾ!

“ಚಿಕ್ಕಮ್ಮ, ಅಮ್ಮನ ಲೆಕ್ಕವೂ ಹಾಕಿ ಆಯ್ತು. ನಿಮ್ಮದು ಎಷ್ಟು ಉಂಟು?”

“ನನ್ನದಾ? ಈ ಮನೆ ಉಂಟು, ಬ್ಯಾಂಕಿನ ಸಾಲ ತೀರಿದೆ. ಮತ್ತೆ ಆ ಬಳೆ ಉಂಟು,” ಎಂದೆ, ಗತ್ತಿನಿಂದಲೇ.

ಗತ್ತು ಯಾಕಿರಬಾರದು ಹೇಳಿ? ಕೊಟ್ಟಾರದಲ್ಲಿ ಹೊಲಿಗೆ ಅಂಗಡಿ ನಡೆಸಿ, ಮಸ್ಕತ್ತಿನಿಂದ ಗಂಡ ಕಳಿಸಿದ್ದನ್ನು ಸೇರಿಸಿ ಕಟ್ಟಿದ ಮನೆ ಇದು. ಸಾಲವೆಂದರೆ ನನಗೆ ಎಂದೂ ಭಯವಿಲ್ಲ. ಒಮ್ಮೆ ಮಾತ್ರ ಭಯವಾಗಿತ್ತು. ಗೋಡೆ ಎದ್ದು ನಿಲ್ಲುವಷ್ಟರಲ್ಲಿ ನನ್ನ ಹಣ ಮಲಗಿಬಿಟ್ಟಿತ್ತು. ಮಳೆಗಾಲ ಎದುರಿಗಿತ್ತು, ತಾರಸಿ ಆಗಿರಲಿಲ್ಲ.

ಆಗ ಅಕ್ಕ ಈ ಬಳೆ ತಂದು ನನ್ನ ಮಡಿಲಿಗೆ ಹಾಕಿದಳು. “ಸೊಸೈಟಿಯಲ್ಲಿ ಅಡವಿಡು, ತಾರಸಿ ಹಾಕಿಸು.”

ಅಮ್ಮನ ನಂತರ ಆ ಬಳೆ ಇರುತ್ತಿದ್ದುದು ಅಕ್ಕನ ಕಪಾಟಿನಲ್ಲಿ. ಯಾರ ಕಡೆ ಕಾರ್ಯಕ್ರಮವೋ ಅವರು ತೊಡುವುದು ರೂಢಿ. ನಮ್ಮ ಮದುವೆ ಹಾಲ್‌ಗಳಲ್ಲಿ ಹೆಂಗಸರು ಮುಖ ನೋಡುವುದಕ್ಕಿಂತ ಮೊದಲು ಕೈ ನೋಡುತ್ತಾರೆ. ಅಕ್ಕನ ನಾದಿನಿಯ ಮದುವೆ ಬೇರೆ ಹತ್ತಿರವಿತ್ತು.

“ಬರಿಗೈಯಲ್ಲಿ ಹೋಗ್ತೀಯಾ?” ಎಂದೆ.

“ಗಾಜಿನದ್ದು ಉಂಟಲ್ಲ ಮಾರಾಯ್ತಿ!”

ಹೋದಳು. ಊಟದ ಸಾಲಿನಲ್ಲಿ ಅವಳ ಗಂಡನ ಕಡೆಯ ಹಿರಿಯ ಹೆಂಗಸೊಬ್ಬರು ಎಲ್ಲರೆದುರು ಅವಳ ಕೈ ಹಿಡಿದೆತ್ತಿ, “ನಿನ್ನ ಬಳೆ ಎಲ್ಲಿ?” ಎಂದುಬಿಟ್ಟರು. ಪಕ್ಕದಲ್ಲಿದ್ದ ನಾನು ತಲೆ ಎತ್ತಲಿಲ್ಲ. ಅಕ್ಕನ ಗಂಟಲು ಮೊದಲೇ ಸಣ್ಣದಲ್ಲ.

“ಶಕ್ತಿನಗರದಲ್ಲಿ ಉಂಟು ಅತ್ತೆ. ನನ್ನ ತಂಗಿಯ ಮನೆಗೆ ತಾರಸಿ ಹಾಕ್ತಾ ಉಂಟು!”

ಸಾಲಿಗೆ ಸಾಲೇ ನಕ್ಕಿತು. ನಾನು ಪಾಯಸದ ಮುಂದೆ ಕೂತು ಅತ್ತುಬಿಟ್ಟೆ. ನಾಚಿಕೆಗಲ್ಲ, ಅಷ್ಟು ಹೆಮ್ಮೆಯಾಗಿತ್ತು ಅವಳ ಮೇಲೆ. ಆಮೇಲೆ ಹಗಲಿರುಳು ರವಿಕೆ ಹೊಲಿದು ಬಳೆ ಬಿಡಿಸಿ ತಂದೆ. ಅಂದಿನಿಂದ ಅದು ನನ್ನದೂ ಹೌದು ಎಂದು ಮನಸ್ಸು ತೀರ್ಮಾನಿಸಿತ್ತು. ಕಾಗದದ ಮೇಲೆ ಯಾರೂ ಏನೂ ಬರೆದಿರಲಿಲ್ಲ.

“ಬಳೆ ನಿಮ್ಮದಾ?” ರಕ್ಷಿತಾ ಮೊಬೈಲಿನಿಂದ ತಲೆ ಎತ್ತಿದಳು. “ಅಮ್ಮ ಈಗಷ್ಟೇ ಅವರ ಲೆಕ್ಕದಲ್ಲಿ ಹಾಕಿಸಿದ್ರು! ನಾನೂ... ನನ್ನದರಲ್ಲಿ ಹಾಕಿದ್ದೇನೆ.”

ಒಂದೇ ಜೊತೆ ಬಳೆಯಲ್ಲಿ ಮೂವರು ಹೆಂಗಸರು ಶ್ರೀಮಂತರಾಗಿದ್ದೆವು! ಅಕ್ಕ ನಕ್ಕ ರಭಸಕ್ಕೆ ಬಳೆ ಕೈಜಾರಿ ನೊರೆಯಲ್ಲಿ ಮುಳುಗಿತು. ಹುಡುಗಿ ಮಾತ್ರ ನಗಲಿಲ್ಲ. ಬಳೆ ತೆಗೆದರೆ ಅವಳ ಲೆಕ್ಕ ಸೊನ್ನೆಗಿಂತ ಕೆಳಗೆ ಇಳಿಯುತ್ತಿತ್ತು.

“ಹಾಗಾದ್ರೆ ಫ್ಲ್ಯಾಟ್ ಬೇಡ ಬಿಡಿ. ಮೈನಸ್ಸಿನಲ್ಲಿ ಸಂಸಾರ ಶುರು ಮಾಡುವುದು ಎಂತಕ್ಕೆ?” ಎಂದಳು. ಧ್ವನಿ ಒಡೆದಿತ್ತು.

ನಾನು ತಲೆ ಎತ್ತಿ ನೋಡಿದೆ. ಮೇಲೆ ನಮ್ಮ ತಾರಸಿ. ಬ್ಯಾಂಕಿನ ಸಾಲ ತೀರಿದೆ ಎಂದು ಈಗಷ್ಟೇ ಜಂಬ ಕೊಚ್ಚಿದವಳು ನಾನೇ ತಾನೆ? ಈ ತಾರಸಿಯ ಸಾಲ ತೀರಿಸಿದ್ದೆನೇ?

“ನನ್ನ ಲೆಕ್ಕದಿಂದ ತೆಗೆ,” ಎಂದೆ.

“ನನ್ನದರಿಂದಲೂ,” ಎಂದಳು ಅಕ್ಕ, ನೊರೆಯಲ್ಲಿ ಬಳೆ ತಡಕುತ್ತಲೇ. “ನಿನ್ನದರಲ್ಲೇ ಇರಲಿ. ಮದುವೆ ಮುಗಿದ ಮೇಲೆ ಸೊಸೈಟಿಯಲ್ಲಿಟ್ಟು ಅಡ್ವಾನ್ಸ್ ಕೊಟ್ಟು ಬಾ.”

ಅಕ್ಕ ರಕ್ಷಿತಾಳ ಕೈ ಎಳೆದು ಒದ್ದೆ ಬಳೆ ತೊಡಿಸಿದಳು.

“ಅಲ್ಲ, ನಾಳೆ ನಿನ್ನ ಅತ್ತೆಮನೆಯಲ್ಲಿ ಯಾರಾದರೂ ಬಳೆ ಎಲ್ಲಿ ಅಂತ ಕೇಳಿದರೆ?” ಎಂದೆ ನಾನು.

ಹುಡುಗಿ ಕಣ್ಣೊರೆಸಿಕೊಂಡು ಕೈ ಎತ್ತಿದಳು. “ಕೂಳೂರಿನಲ್ಲಿ ಉಂಟು, ನನ್ನ ಮನೆಗೆ ಬಾಗಿಲು ಇಡ್ತಾ ಉಂಟು ಅಂತ ಹೇಳ್ತೇನೆ!”

ಗಂಟಲು ಥೇಟ್ ಅಕ್ಕನದೇ. ಪಕ್ಕದ ಮನೆಗೂ ಕೇಳಿಸಿರಬೇಕು.